ಗಟಾರದ ಮೇಲೆ ಕೂತ ವಿಶ್ವಸಭೆ

ಸರ್ ತೀರಿಕೊಂಡ ಮೇಲೆ ನಮ್ಮ ಓಣಿಯಲ್ಲಿ ಅವರ ಬಗ್ಗೆ ದಿನಕ್ಕೊಂದು ಹೊಸ ಕಥೆ ಹುಟ್ಟುತ್ತಿದೆ. ನೆರೆಯ ನೀರಿನಲ್ಲಿ ಈಜಿ ಹೋಗಿ ಕೆಳಗಿನ ಮನೆಯ ಖಾಲಾ ಅವರನ್ನು ಹೆಗಲ ಮೇಲೆ ಹೊತ್ತು ತಂದರಂತೆ ಎಂದು ಮೊನ್ನೆ ಹಾಲಿನವನು ನನಗೇ ಹೇಳಿದ. ಸರ್ ಅವರಿಗೆ ಈಜು ಬರುತ್ತಿರಲಿಲ್ಲ. ನೀರು ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು. ಖಾಲಾ ತಮ್ಮ ಮಂಚ ಬಿಟ್ಟು ಇಳಿಯಲೇ ಇಲ್ಲ. ನಾನು ಅಲ್ಲಿದ್ದೆ.

ನಾನು ಗಣಿತದ ಮಾಸ್ತರ. ಖಾನಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಅವರ ಜೊತೆ ಕೆಲಸ ಮಾಡಿದ್ದೇನೆ, ಬೆಳಗಾವಿಯ ಅನಗೋಳದ ಒಂದೇ ಓಣಿಯಲ್ಲಿ ಅವರ ಬಾಜುವಿಗೆ ಬದುಕಿದ್ದೇನೆ. ಆದ್ದರಿಂದ ಕಂಡದ್ದನ್ನು, ಅಳೆದದ್ದನ್ನು ಮಾತ್ರ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ, ನಾವೆಲ್ಲ ವೈನಿ ಎಂದು ಕರೆಯುವವರು, "ಕಟ್ಟಿ ಒಡದಿದ್ದು ಊರಿಗೆಲ್ಲಾ ಗೊತ್ತಾತು, ಇನ್ನ ಹೆಸರೂ ಯಾಕ್ರಿ?" ಎಂದು ಬೇಜಾರು ಮಾಡಿಕೊಳ್ಳುತ್ತಾರೆ.

ಸರ್ ಭೂಗೋಳದ ಮಾಸ್ತರರು. ಕುಳ್ಳಗಿನ ಆಳು. ವರ್ಷದ ಹನ್ನೆರಡೂ ತಿಂಗಳು ಕೈಯಲ್ಲಿ ಛತ್ರಿ. ಅದು ಮಳೆಗಿಂತ ಹೆಚ್ಚಾಗಿ ನಕಾಶೆ ತೋರಿಸುವುದಕ್ಕೆ. ಛತ್ರಿಯ ತುದಿಯಿಂದ ಆಫ್ರಿಕಾ ತೋರಿಸಿ ತೋರಿಸಿ ನಮ್ಮ ಶಾಲೆಯ ನಕಾಶೆಯಲ್ಲಿ ಸಹಾರಾ ಇರುವ ಜಾಗದಲ್ಲಿ ತೂತು ಬಿದ್ದಿತ್ತು. ಅವರು ಅದನ್ನೂ ಪಾಠಕ್ಕೆ ಬಳಸಿಕೊಂಡರು. "ನೋಡ್ರಿ, ಹ್ವಾದ ವರ್ಷಕ್ಕಿಂತ ಮರುಭೂಮಿ ದೊಡ್ಡದಾಗೇತಿ."

ಮಾತಾಡುವಾಗ ಅವರ ಎಡಗೈ ಮುಂದೆ ಬರುತ್ತಿತ್ತು, ಅಂಗೈ ಮೇಲಾಗಿ. ಹನಿ ಬೀಳುತ್ತಿದೆಯೇ ಎಂದು ನೋಡುವವರ ಹಾಗೆ. ಸೂರಿನ ಕೆಳಗೆ ಕೂತಾಗಲೂ ಹಾಗೆಯೇ. ಅವರ ಮನೆಗೆ ಹೊಸದಾಗಿ ಬಂದವರು ತಲೆಯೆತ್ತಿ, ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಿದ್ದರು.

ಮಳೆಯ ಬಗ್ಗೆ ಅವರದೊಂದು ಖಾಯಂ ಮಾತಿತ್ತು. "ಮೊದಲ ಮಳಿ ಬೀಗರ ಹಂಗ ಬರ್ತಿತ್ರಿ. ಬಂದು ತಿಂಗಳಗಟ್ಟಲೆ ಕುಂದರ್ತಿತ್ತು, ಸಣ್ಣಗ ಕೊರಕೋತ. ಬ್ಯಾಸರ ಆಗ್ತಿತ್ತು ಖರೇ, ಆದ್ರ ಮನಿ ಮುರೀತಿದ್ದಿಲ್ಲ. ಈಗ ರೇಡ್ ಹಾಕಿದಂಗ ಬರ್ತೈತಿ. ಒಂದ ಮಧ್ಯಾಹ್ನ ಬಂತು, ಎಲ್ಲಾ ಕಿತ್ತಾಡಿತು, ಹೋತು. ಮರುದಿನಾ ಬಿಸಲು!"

ಇದಕ್ಕೆ ಜಗತ್ತು ಏನು ಮಾಡಬೇಕು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಒಂದು ಬಸ್ಸಿನ ಘಟನೆ ಹೇಳಿದರೆ ತಿಳಿಯುತ್ತದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಅದರ ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತ ಒಬ್ಬ ಮುದುಕಿ ಪೂರ್ತಿ ತೊಯ್ದಿದ್ದಳು. ಬಸ್ಸಿನಲ್ಲಿ ದೊಡ್ಡ ಚರ್ಚೆ. ಗಾಜು ತೆರೆದವರು ಯಾರು? ಅವರೇ ಮುಚ್ಚಬೇಕು. ಅವರು ಆಗಲೇ ಇಳಿದುಹೋಗಿದ್ದರೆ? ಹಾಗಾದರೆ ಕಂಡಕ್ಟರು. ಕಂಡಕ್ಟರು, ಡ್ರೈವರನ್ನು ಕೇಳಿ ಎಂದ. ಸರ್ ಎದ್ದು ಹೋಗಿ ಬಸ್ಸಿನೊಳಗೇ ಛತ್ರಿ ಬಿಚ್ಚಿ ಆ ಕಿಟಕಿಗೆ ಒತ್ತಿ ಹಿಡಿದು ನಿಂತರು. ಛತ್ರಿಯ ಕಡ್ಡಿ ಕಂಡಕ್ಟರನ ಕಿವಿಗೆ ಚುಚ್ಚಿತು. ಎಲ್ಲರೂ ಸುಮ್ಮನಾದರು. ಸರ್ ತಿರುಗಿ ನೋಡಿ ಬಹಳ ವಿನಯದಿಂದ, "ನಿಲ್ಲಸಬ್ಯಾಡ್ರಿ. ಚರ್ಚಾ ನಡೀಲಿ" ಎಂದರು.

ಇಂಥವರ ಮನೆಯ ಮುಂದೆಯೇ ಆ ಕಟ್ಟೆ ಇತ್ತು. ಅದನ್ನು ಹೇಳುವ ಮೊದಲು ಓಣಿಯನ್ನು ಹೇಳಬೇಕು.

ನಮ್ಮ ಓಣಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಒಂದು ಬದಿಗೆ ಗಟಾರ. ಆ ಬದಿಯ ಪ್ರತಿಯೊಂದು ಮನೆಗೂ ಗಟಾರ ದಾಟಿಯೇ ಹೋಗಬೇಕಾದ್ದರಿಂದ ಒಬ್ಬೊಬ್ಬರೂ ತಮ್ಮ ಅನುಕೂಲಕ್ಕೆ ತಕ್ಕ ಹಾಗೆ ಅದರ ಮೇಲೆ ಕಲ್ಲು ಹಾಸಿಕೊಂಡಿದ್ದೆವು. ಮೇಲ್ತುದಿಯಲ್ಲಿ ಸಾವಕಾರರು. ಮನೆ ಕಟ್ಟುವ ಗುತ್ತಿಗೆ ಅವರದು. ಎರಡು ಕಾರು ಒಟ್ಟಿಗೆ ಇಳಿಯುವಂತೆ ಹದಿನಾಲ್ಕು ಅಡಿಯ ಕಾಂಕ್ರೀಟಿನ ಸ್ಲೋಪು ಹಾಕಿಸಿದ್ದರು. ಅವರ ಕೆಳಗೆ, ಮನೆಯಲ್ಲಿ ಮರಾಠಿ ಮಾತಾಡುವ ಕಾಕಾ; ಅವರದು ಮೂರು ಮೆಟ್ಟಿಲು ಮತ್ತು ಬಟ್ಟೆ ಒಗೆಯುವ ಕಲ್ಲು. ಆಮೇಲೆ ನಾನು, ಸ್ಕೂಟರಿಗಾಗಿ ನಾಲ್ಕು ಅಡಿ ಇಳಿಜಾರು. ಆಮೇಲೆ ಸರ್, ಗಟಾರದ ಮೇಲೆ ಆ ಕಟ್ಟೆ. ಕೊನೆಗೆ, ರಸ್ತೆಗಿಂತ ತಗ್ಗಿನಲ್ಲಿ, ಖಾಲಾ.

ಖಾಲಾ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ ಧೋತರ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಕೌದಿ ಮಾಡಿಕೊಡುತ್ತಾರೆ. ಒಂಟಿ ಜೀವ. ಮನೆಯಲ್ಲಿ ಒಂದು ಹೊಲಿಗೆ ಯಂತ್ರ, ಗೋಡೆಗೆ ಒಂದು ಕಬ್ಬಿಣದ ರ‍್ಯಾಕು, ಅದರ ತುಂಬ ಜನರ ಕೌದಿಗಳು. ಮುಂಚಿನ ಮಳೆಗೆ ಆ ಗಟಾರ ಹೇಗೋ ಸಾಲುತ್ತಿತ್ತು. ರೇಡಿನ ಮಳೆ ಶುರುವಾದ ಮೇಲೆ ಸಾಲಲಿಲ್ಲ. ಕಲ್ಲುಗಳ ಕೆಳಗೆ ಕಸ ಕಟ್ಟಿ ನೀರು ರಸ್ತೆಗೇರುತ್ತಿತ್ತು, ರಸ್ತೆಯಿಂದ ನೇರ ಖಾಲಾನ ಹೊಸ್ತಿಲಿಗೆ. ಮೂರು ವರ್ಷದಲ್ಲಿ ಎರಡು ಸಲ ಹಾಗಾಯಿತು. ಖಾಲಾ ಒಂದು ದಿನ ಸರ್ ಅವರ ಮುಂದೆ ಹೇಳಿದರು: "ಇನ್ನೊಂದ ಸಲ ಒಳಗ ನೀರ ಬಂತಂದ್ರ ನಾ ಸಾಂಬ್ರಾಕ್ಕ ತಂಗಿ ಮನಿಗೆ ಹೋಗಿಬಿಡ್ತೇನ್ರಿ ಸರ್. ಅಲ್ಲೆ ಇಮಾನದ ಸಪ್ಪಳ ಐತಿ. ಇರ್ಲಿ ಬಿಡ್ರಿ. ಸಪ್ಪಳದಾಗ ಕೌದಿ ತೊಯ್ಯೂದಿಲ್ಲ."

ಸರ್ ಆ ಸಂಜೆಯೇ ಓಣಿಯ ಸಭೆ ಕರೆದರು. ಎಲ್ಲಿ? ತಮ್ಮ ಕಟ್ಟೆಯ ಮೇಲೆ. ಓಣಿಯಲ್ಲಿ ಹತ್ತು ಜನ ಒಟ್ಟಿಗೆ ಕೂರುವಂಥ ಜಾಗ ಅದೊಂದೇ. ಒಳ್ಳೆಯ ಕಡಪಾ ಕಲ್ಲಿನ ಕಟ್ಟೆ, ಬೇಸಿಗೆಯಲ್ಲಿ ತಣ್ಣಗೆ. ವೈನಿಯ ಹಠಕ್ಕೆ ಕಟ್ಟಿಸಿದ್ದು. ಮಧ್ಯಾಹ್ನ ಅಲ್ಲಿ ಅವರ ಗೆಳತಿಯರೆಲ್ಲ ಶಾವಿಗೆ, ಸಂಡಿಗೆ, ಸುದ್ದಿ ಮೂರನ್ನೂ ಒಣಗಿಸುತ್ತಿದ್ದರು.

"ನಾವು ಇದನ್ನ ಜಗತ್ತಿನ ಸಭಾದಂಗ ಮಾಡೂಣು" ಎಂದರು ಸರ್. "ಯಾಕಂದ್ರ ಅಲ್ಲಿ ನಡಿಯೂದೂ ಇದಽ. ಮ್ಯಾಲಿನವರು ಕಲ್ಲ ಹಾಕ್ಯಾರ, ಕೆಳಗಿನವರು ಮುಳಗ್ಯಾರ. ಸಾವಕಾರ್ರ, ನೀವು ಅಮೆರಿಕಾ."

ಸಾವಕಾರರಿಗೆ ಬಹಳ ಖುಷಿಯಾಯಿತು. ಕಾಲ ಮೇಲೆ ಕಾಲು ಹಾಕಿದರು.

"ಕಾಕಾ, ನೀವು ಜರ್ಮನಿ."

"ನಾ ಯಾಕ ಜರ್ಮನಿ? ನಾ ಇಲ್ಲೇ ಹುಟ್ಟೀನಿ. ನಾ ಭಾರತ."

"ಜರ್ಮನಿ ಸಾಮಾನು ಗಟ್ಟಿ ಇರ್ತಾವ್ರಿ ಕಾಕಾ."

"ಹಂಗಂದ್ರ ಆತು" ಎಂದರು ಕಾಕಾ.

ನನ್ನನ್ನು ಜಪಾನ್ ಮಾಡಿದರು, ಟೇಪು ಹಿಡಿದು ಓಡಾಡುತ್ತೇನೆಂದು. ಖಾಲಾ ಮಾಲ್ದೀವ್. ಅದೆಲ್ಲಿದೆ ಎಂದು ಖಾಲಾ ಕೇಳಿದರು. ಸಮುದ್ರದೊಳಗಿನ ನಡುಗಡ್ಡೆಗಳು, ನೀರು ಒಂದು ಗೇಣು ಏರಿದರೂ ಸಂಕಟ ಎಂದರು ಸರ್. "ಹೌದಾ? ಅಲ್ಲಿಯವ್ರು ಕೌದಿ ಎಲ್ಲಿ ಒಣಗಸ್ತಾರ ಕೇಳ್ರಿ" ಎಂದರು ಖಾಲಾ. ಭಾರತವನ್ನು ಸರ್ ತಾವೇ ಇಟ್ಟುಕೊಂಡರು. ನಮ್ಮದು ಇನ್ನೂ ಬೆಳೆಯಬೇಕಾದ ದೇಶ, ನಾವು ಕಲ್ಲು ಹಾಕಿದ್ದು ಕಡಿಮೆ, ಆದ್ದರಿಂದ ತೆಗೆಯಬೇಕಾದ ಪಾಲೂ ಕಡಿಮೆ ಎಂದು ವಿವರಿಸಿದರು. ಯಾರೂ ತಕರಾರು ಮಾಡಲಿಲ್ಲ. ಅವರ ಚಹಾ ಕುಡಿಯುತ್ತಿದ್ದೆವು.

ಹೆಚ್ಚು ಹಾಕಿದವರು ಹೆಚ್ಚು ತೆಗೆಯಬೇಕು ಎಂದು ತಿಳಿದ ಕೂಡಲೇ ಸಾವಕಾರರು ಕಾಲು ಕೆಳಗಿಳಿಸಿದರು. "ತಗೀತೇನ್ರಿ. ನಾ ಎಲ್ಲಿ ಬ್ಯಾಡ ಅಂದೆ? ಆದ್ರ ಮೊದಲ ನೀವು ಕೆಳಗಿನಾವ್ರು ತಗೀರಿ."

"ಮೊದಲ ಮ್ಯಾಲಿನಾವ್ರು ತಗೀಬೇಕು. ನೀರು ಅಲ್ಲಿಂದ ಬರ್ತೈತಿ" ಎಂದರು ಕಾಕಾ.

"ಎಲ್ಲಾರೂ ಕೂಡಿ ಒಂದು ಅರ್ಜಿ ಬರಿಯೂಣು" ಎಂದೆ ನಾನು.

ಸರ್ ನನ್ನ ಕಡೆ ಅಂಗೈ ಚಾಚಿದರು. "ಏನಂತ ಬರೀತೀರಿ? 'ನಮ್ಮ ಕಲ್ಲ ನಾವಽ ಇಟ್ಟೀವಿ, ನೀವು ಬಂದು ತಗೀರಿ' ಅಂತನಾ?"

ಕೊನೆಗೆ ಒಂದು ಠರಾವು ಆಯಿತು. ಅದನ್ನು ಕನ್ನಡದಲ್ಲಿ ಬರೆಯಬೇಕೋ ಮರಾಠಿಯಲ್ಲೋ ಎಂಬ ಮಾತಿಗೆ ಒಂದು ತಾಸು ಹಿಡಿಯಿತು. ಎರಡರಲ್ಲೂ ಬರೆದೆವು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಇನ್ನರ್ಧ ತಾಸು. ಹಾಳೆಯ ಎರಡೂ ಬದಿಗೆ ಬರೆದೆವು. ಗಟಾರದ ಬಗ್ಗೆ ಹೇಳುವುದಕ್ಕೆ ಹೊತ್ತು ಉಳಿಯದೆ, "ಎಲ್ಲರೂ ತಮ್ಮ ಪಾಲಿನ ಕಲ್ಲನ್ನು ಆದಷ್ಟು ಬೇಗ ತೆಗೆಯತಕ್ಕದ್ದು" ಎಂದು ಸಹಿ ಮಾಡಿದೆವು. ಯಾರ ಪಾಲು ಎಷ್ಟು ಎಂದು ಅಳೆದು ಪಟ್ಟಿ ಮಾಡುವ ಕೆಲಸ ನನಗೆ ಬಂತು.

ಇಲ್ಲಿ ನನ್ನ ತಪ್ಪನ್ನು ಬರೆಯಬೇಕು. ನಾನು ಎಲ್ಲರ ಕಲ್ಲಿನ ಕೆಳಗೂ ಬಗ್ಗಿ, ಬ್ಯಾಟರಿ ಬಿಟ್ಟು ನೋಡಿ, ಅಳೆದೆ. ಸರ್ ಅವರ ಕಟ್ಟೆಯ ಕೆಳಗೆ ಮಾತ್ರ ನೋಡಲಿಲ್ಲ. ಅದರ ಮೇಲೆಯೇ ಕೂತು ಪಟ್ಟಿ ಬರೆಯುತ್ತಿದ್ದೆ. ಕೂರಿಸಿ ಚಹಾ ಕೊಟ್ಟವರ ಕಟ್ಟೆಯನ್ನು ಎದ್ದು ಅಳೆಯುವುದು ನಮ್ಮ ಕಡೆ ಸಭ್ಯತನವಲ್ಲ. ಅಂದಾಜಿನಿಂದ ಮೂರು ಅಡಿ ಎಂದು ಹಾಕಿದೆ. ನನ್ನ ಕಸುಬಿನಲ್ಲಿ ಅಂದಾಜು ಹಾಕಿದ್ದು ಅದೊಂದೇ ಸಲ.

ಠರಾವಿನಿಂದ ಒಂದು ಕಲ್ಲೂ ಅಲುಗಲಿಲ್ಲ. ಅಲುಗಿದ್ದು ಹೆಸರುಗಳು. ಗ್ಯಾಸಿನವನು ಕೂಡ "ಅಮೆರಿಕಾದಾಗ ಸಿಲಿಂಡರ್ ಖಾಲಿ ಆಗೇತಂತ್ರಿ" ಎನ್ನತೊಡಗಿದ. ಸಾವಕಾರರು ಕೆಟ್ಟವರಲ್ಲ. ತಮ್ಮ ಸ್ಲೋಪು ತೆಗೆಯುವುದಾಗದಿದ್ದರೂ ಖಾಲಾನಿಗೆ ಏನಾದರೂ ಮಾಡಬೇಕು ಎಂದುಕೊಂಡು, ಉದ್ದ ಕಾಲಿನ ಒಂದು ಕಬ್ಬಿಣದ ಮಂಚ ಮಾಡಿಸಿ ಕಳಿಸಿದರು. ಎಷ್ಟು ಎತ್ತರವೆಂದರೆ ಹತ್ತುವುದಕ್ಕೆ ಖಾಲಾ ಸ್ಟೂಲು ಇಡಬೇಕಾಯಿತು.

"ನೀರ ಬಂದ್ರ ಇದರ ಮ್ಯಾಲ ಕುಂದರ್ರಿ, ಖಾಲಾ" ಎಂದರು ಸಾವಕಾರರು.

"ಕುಂದರ್ತೇನ್ರಿ. ಒಲಿ ಎಲ್ಲಿಡ್ಲಿ?"

"ಅದನ್ನೂ ಮ್ಯಾಲ ಇಡ್ರಿ."

"ಬಾಬಾ, ಮತ್ತ ಗಟಾರಾನೂ ಮ್ಯಾಲ ಇಟ್ಟಬಿಡ್ಲಾ?"

ಇನ್ನು ಆ ಮಧ್ಯಾಹ್ನ. ಎರಡು ವರ್ಷದ ಹಿಂದಿನ ಶ್ರಾವಣ, ಶನಿವಾರ. ಶಾಲೆ ಬೆಳಗಿನದು. ಬಿಡುವ ಹೊತ್ತಿಗೆ ಖಾನಾಪುರದ ಪಶ್ಚಿಮದ ಆಕಾಶ ಹಂಚಿನ ಭಟ್ಟಿಯ ಒಳಗೋಡೆಯಂತೆ ಕಪ್ಪಾಗಿತ್ತು. ಸರ್ ಮೈದಾನದ ನಡುವೆ ನಿಂತು ಅಂಗೈ ಚಾಚಿದರು. ಮೊದಲ ಹನಿ ಬಿದ್ದಾಗ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು, ಪೆಟ್ಟು ಬಿದ್ದವರ ಹಾಗೆ. "ಇದು ತಾಸಿನ ಮ್ಯಾಲ ಅನಗೋಳಕ್ಕ ಹೊಕ್ಕೈತಿ" ಎಂದವರೇ ಖಾಲಾನಿಗೆ ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಬಸ್ಸು ಎಂದಿಗಿಂತ ಎರಡರಷ್ಟು ಹೊತ್ತು ತೆಗೆದುಕೊಂಡಿತು. ನಡುದಾರಿಯಲ್ಲಿ ವೈನಿಯ ಫೋನು ಬಂತು: ಓಣಿಯಲ್ಲಿ ನೀರು, ಖಾಲಾನ ಬಾಗಿಲು ಉಬ್ಬಿ ಕೂತಿದೆ, ತೆರೆಯುತ್ತಿಲ್ಲ.

ನಾವು ತಲುಪಿದಾಗ ಕಾಕಾ ಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದರು. ಒಳಗಿನಿಂದ ಗೋಡೆ ಬಡಿಯುವ ಸದ್ದು ಬರುತ್ತಿತ್ತು. ನಾವು ಮೂವರೂ ಸೇರಿ ದೂಡಿದೆವು. ಸದ್ದು ನಿಂತಿತು. "ಖಾಲಾ" ಎಂದು ಸರ್ ಕೂಗಿದರು. ಉತ್ತರವಿಲ್ಲ. ಹಾಗೆ ನಿಶ್ಶಬ್ದವಾಗಿದ್ದ ಹೊತ್ತು ಎಷ್ಟು ಎಂದು ನಾನು ಹೇಳಲಾರೆ. ಎಲ್ಲವನ್ನೂ ಅಳೆಯುವ ನಾನು ಅದನ್ನು ಅಳೆಯಲಿಲ್ಲ. ಸರ್ ಅವರ ಮುಖ ಮಾತ್ರ ನೆನಪಿದೆ. ನೆನಪಾದಾಗಲೆಲ್ಲ ಬರೆಯುವುದು ನಿಲ್ಲಿಸಿ ಎದ್ದು ಓಡಾಡಬೇಕಾಗುತ್ತದೆ.

ಬಾಗಿಲು ಮುರಿದು ತೆರೆಯಿತು. ಖಾಲಾ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೊಡೆಯ ಮೇಲೆ ಹೊಲಿಗೆ ಯಂತ್ರದ ತಲೆ. ಪಕ್ಕದಲ್ಲಿ ಹಿಟ್ಟು ನಾದುವ ಒಂದು ಪರಾತ, ಅದರಲ್ಲಿ ಸೀಮೆಎಣ್ಣೆಯ ಒಲೆ, ಒಲೆಯ ಮೇಲೆ ಚಹಾ. ಕೈಯಲ್ಲಿ ಸೌಟು.

"ಬಡಿಯೂದು ಯಾಕ ನಿಲ್ಲಿಸಿದ್ರಿ?" ಸರ್ ಅವರ ದನಿ ಒಡೆದಿತ್ತು.

"ಚಾ ಉಕ್ಕಾಕತ್ತಿತ್ರಿ ಸರ್" ಎಂದರು ಖಾಲಾ. ಆಮೇಲೆ ರ‍್ಯಾಕಿನ ಕಡೆ ನೋಡಿದರು. ಮುಖ ಬದಲಾಯಿತು. ಕೆಳಗಿನ ಎರಡು ಸಾಲು ಮುಳುಗಿದ್ದವು. ಮೂರನೆಯ ಸಾಲು ನೀರಿಗಿಂತ ಎರಡು ಬೆರಳು ಮೇಲಿತ್ತು, ನೀರು ಏರುತ್ತಿತ್ತು. ಕೈಗೆಟುಕುವ ಒಣ ಜಾಗವೆಲ್ಲ ಆಗಲೇ ತುಂಬಿತ್ತು. "ಮೂರನೇದರಾಗ ಲಗ್ನದ ಕೌದಿ ಅದಾವ್ರಿ. ಸತ್ತ ಅವ್ವಂದಿರ ಸೀರಿ. ಮತ್ತ ತರಾಕ ಬರೂದಿಲ್ಲ ಅವು."

"ಎಲ್ಲಿ ಕಟ್ಟೇತಿ ನೋಡ್ರಿ" ಎಂದರು ಸರ್ ನನಗೆ. ನಾನು ಹೊರಗೆ ಬಂದು, ಖಾಲಾನ ಕಡೆಯಿಂದ ಗಟಾರದೊಳಗೆ ಬಿದಿರ ಗಳ ತೂರಿಸಿ ಮೇಲಕ್ಕೆ ತಳ್ಳಿದೆ. ಮೂರು ಅಡಿ ಹೋಗಿ ಟಣ್ ಎಂದಿತು. ಮತ್ತೆ ತಳ್ಳಿದೆ. ಕಟ್ಟೆ ಕಟ್ಟುವಾಗ ಗೌಂಡಿ ಅಷ್ಟಗಲದ ಗಟಾರಕ್ಕೆ ಅಡ್ಡಗೋಡೆ ಹಾಕಿ, ನೀರು ಹೋಗಲಿ ಎಂದು ಅದರಲ್ಲಿ ಆರಿಂಚಿನ ಒಂದೇ ಪೈಪು ಬಿಟ್ಟಿದ್ದ. ಪೈಪಿನ ಬಾಯಲ್ಲಿ ಇಡೀ ಓಣಿಯ ಕಸ ಕೂತಿತ್ತು. ನಾನು ಗಳ ಹೊರಗೆಳೆದೆ.

"ಸಿಕ್ತೇನ್ರಿ?"

"ಸಿಕ್ತು, ಸರ್."

"ಹೇಳ್ರಿ ಮತ್ತ. ಯಾವ ದೇಶ?"

"ಭಾರತ, ಸರ್."

ಸರ್ ಕಟ್ಟೆಯನ್ನು ನೋಡಿದರು. ಬಾಗಿಲಲ್ಲಿ ನಿಂತ ವೈನಿಯನ್ನು ನೋಡಿದರು. "ನಮ್ಮ ಪಾಲು ಕಡಿಮಿ ಅನ್ನೂದು ಖರೇ ಐತಿ" ಎಂದರು ನಿಧಾನವಾಗಿ. "ಆದ್ರ ಖಾಲಾನ ಬಾಜೂಕ ಇರಾವ ನಾನಽ ಅಲ್ರೀ. ಹಾರಿ ತರಸ್ರಿ."

ಓಣಿಯಲ್ಲಿ ಹಾರೆ ಇದ್ದದ್ದು ಸಾವಕಾರರ ಮನೆಯಲ್ಲಿ ಮಾತ್ರ. ಕಾಕಾ ಹೋಗಿ ತಂದರು. ಯಾಕೆಂದು ಸಾವಕಾರರು ಕೇಳಲಿಲ್ಲ. ಕೂಡಲೇ ಕೊಟ್ಟರು. ಆಮೇಲೆ ಬಾಲ್ಕನಿಗೆ ಬಂದು ನೋಡಿ, "ಸರ್, ಮಳಿ ನಿಂತ ಮ್ಯಾಲ ಒಡೀರಿ! ತೊಯ್ಕೊಂಡ್ರ ನೆಗಡಿ ಆಕ್ಕೈತಿ!" ಎಂದು ಕೂಗಿದರು.

ಸರ್ ಒಡೆದರು. ಅವರಿಗೆ ಹಾರೆ ಹಿಡಿಯುವುದೂ ಬರುತ್ತಿರಲಿಲ್ಲ. ನಕಾಶೆ ತೋರಿಸುವ ಹಾಗೆ ಹಿಡಿದಿದ್ದರು. ಕಾಕಾ ಮತ್ತು ನಾನು ಕೈಹಾಕಿದೆವು. ಕಡಪಾ ಕಲ್ಲು ಬಿರುಕು ಬಿಟ್ಟ ಸದ್ದಿಗೆ ವೈನಿ, "ಜಗತ್ತ ಉಳಸಾಕ ಹೊಂಟು ನನ್ನ ಕಟ್ಟಿ ಒಡದ್ರ್ಯಲ್ರೀ!" ಎಂದು ಅತ್ತರು. ಅಳುತ್ತಲೇ ಒಳಗೆ ಹೋಗಿ ಬುಟ್ಟಿ ತಂದು ಕಲ್ಲಿನ ಚೂರು ತುಂಬತೊಡಗಿದರು. ಪೈಪು ಕಿತ್ತು ಬಂದಾಗ ನೀರು ಒಮ್ಮೆಲೇ ಗಟಾರದೊಳಗೆ ಬಿದ್ದು ಖಾಲಾನ ಮನೆ ದಾಟಿ ಕೆಳಗಿನ ನಾಲಾಕ್ಕೆ ಓಡಿತು. ನಾನು ಬಾಗಿಲ ಚೌಕಟ್ಟಿಗೆ ಸೀಮೆಸುಣ್ಣದಿಂದ ಮೊದಲೇ ಗೆರೆ ಎಳೆದಿದ್ದೆ. ನೀರು ನಾಲ್ಕು ಬೆರಳು ಇಳಿಯಿತು. ನಾಲ್ಕೇ ಬೆರಳು. ಮೂರನೆಯ ಸಾಲು ಉಳಿಯಿತು. ಮೊದಲೆರಡು ಸಾಲು ಉಳಿಯಲಿಲ್ಲ. ಎಲ್ಲರೂ ತೆಗೆದಿದ್ದರೆ ಎಷ್ಟು ಇಳಿಯುತ್ತಿತ್ತು ಎಂಬ ಲೆಕ್ಕ ನನ್ನ ಹತ್ತಿರ ಇದೆ. ಯಾರೂ ಕೇಳಿಲ್ಲ.

ಸರ್ ಮತ್ತೆ ಕಟ್ಟೆ ಕಟ್ಟಲಿಲ್ಲ. ಒಂದು ಹಲಗೆ ಹಾಕಿಕೊಂಡರು, ಮಳೆಗಾಲದಲ್ಲಿ ಅದನ್ನೂ ಎತ್ತಿ ಒಳಗಿಟ್ಟು ಗಟಾರ ಜಿಗಿದು ಓಡಾಡಿದರು. ಬೀಗರು ಬಂದರೆ ಕೈಹಿಡಿದು ಜಿಗಿಸುತ್ತಿದ್ದರು. ಸಭೆ ಮಾತ್ರ ಇನ್ನು ಕರೆಯಲಿಲ್ಲ. "ಕುಂದರಾಕ ಜಾಗಾ ಇಲ್ರಿ" ಎನ್ನುತ್ತಿದ್ದರು.

ನನ್ನ ನಾಲ್ಕು ಅಡಿ ತೆಗೆಯುವುದಕ್ಕೆ ನಾನು ಒಂಬತ್ತು ದಿನ ತೆಗೆದುಕೊಂಡೆ. ಯಾಕೆ ಒಂಬತ್ತು ದಿನ ಎಂದು ಹುಡುಕಿದ್ದೇನೆ, ಕಾರಣ ಸಿಕ್ಕಿಲ್ಲ. ಕಾಕಾ ದಸರೆಯ ಹೊತ್ತಿಗೆ ತೆಗೆದರು. ಹಾರೆ ನಮ್ಮಲ್ಲೇ ಮನೆಯಿಂದ ಮನೆಗೆ ಓಡಾಡಿ ಕೊನೆಗೆ ನನ್ನ ಬಾಗಿಲ ಹಿಂದೆ ನಿಂತಿತು. ಸಾವಕಾರರು ಅದನ್ನು ಕೇಳಲಿಲ್ಲ. ನಾನು ಕೊಡಲು ಹೋದಾಗಲೂ, "ಇರ್ಲಿ ಇಟ್ಕೋರಿ, ಈಗೇನ ಗಡಿಬಿಡಿ? ಸ್ಲೋಪಿಂದು ಮೊದಲ ಪ್ಲ್ಯಾನ್ ಆಗಬೇಕು" ಎಂದರು. ಖಾಲಾ ಸಾಂಬ್ರಾಕ್ಕೆ ಹೋಗಲಿಲ್ಲ. ಹೋಗಲೆಂದು ಗಂಟು ಕಟ್ಟಿದ್ದನ್ನು ಬಿಚ್ಚಲೂ ಇಲ್ಲ. "ಅಮೆರಿಕಾ ಏನ ಮಾಡ್ತೈತಿ ನೋಡಿ ಬಿಚ್ಚತೇನ್ರಿ" ಎನ್ನುತ್ತಿದ್ದರು.

ಈ ವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಸರ್ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಚಹಾ ಕುಡಿದರು. ಎಡಗೈ ಚಾಚಿಕೊಂಡು ಹಾಗೆಯೇ ಕೂತಿದ್ದರು. ಮಳೆ ನೋಡುತ್ತಿದ್ದಾರೆ ಎಂದೇ ವೈನಿ ಅರ್ಧ ತಾಸು ತಿಳಿದಿದ್ದರು.

ನಮ್ಮ ಬಸವಣ್ಣನವರ ಸಂಪ್ರದಾಯದಲ್ಲಿ ದೇಹವನ್ನು ಮಲಗಿಸಿ ಒಯ್ಯುವುದಿಲ್ಲ. ಹೂವಿನ ವಿಮಾನದಲ್ಲಿ ಕೂರಿಸಿ ಒಯ್ಯುತ್ತೇವೆ. ಹಣೆಗೆ ವಿಭೂತಿ, ಕೊರಳಿಗೆ ಹಾರ, ನೆಟ್ಟಗೆ ಕೂತ ಸರ್ ಯಾವುದೋ ಸಭೆಯ ಅಧ್ಯಕ್ಷರಂತೆ ಕಾಣುತ್ತಿದ್ದರು. ನಾಲ್ವರು ವಿಮಾನ ಎತ್ತಿ ಬಾಗಿಲು ದಾಟಿಸಿ ಗಟಾರದ ಅಂಚಿಗೆ ಬಂದು ನಿಂತರು. ಹಲಗೆ ಅಷ್ಟು ಭಾರಕ್ಕಲ್ಲ. ಎರಡು ಅಡಿ ಮೂರು ಇಂಚು ಬಾಯಿ ತೆರೆದ ಗಟಾರ.

"ನೀವು ಮೊದಲ ದಾಟ್ರಿ" ಎಂದರು ಎಡಗಡೆಯವರು.

"ನಾ ದಾಟಿದ್ರ ಹಿಂದ ವಾಲ್ತೈತಿ. ಮೊದಲ ನೀವು" ಎಂದರು ಬಲಗಡೆಯವರು.

ಗುಂಪಿನಲ್ಲಿ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಸರ್ ನಡುವೆ ಕೂತು ಕೇಳಿಸಿಕೊಳ್ಳುತ್ತಿದ್ದಂತೆ ಇತ್ತು. ಬಿಳಿಯ ಬಟ್ಟೆ ಉಟ್ಟು ಬಂದಿದ್ದ ಸಾವಕಾರರು ಮುಂದೆ ಬಂದು, "ಹಿತ್ತಲದಿಂದ ನಮ್ಮ ಅಂಗಳಕ್ಕ ತರ್ರಿ. ನಮ್ಮ ಸ್ಲೋಪ್ ಮ್ಯಾಲಿಂದ ಆರಾಮ ಇಳಸೂಣು" ಎಂದರು.

"ಬ್ಯಾಡ್ರಿ ಅಣ್ಣಾರ" ಎಂದರು ವೈನಿ. ಅಳು ನಿಂತಿತ್ತು. "ಎರಡ ವರ್ಷ ಅವರು ಅದರ ಮ್ಯಾಲ ಕಾಲ ಇಟ್ಟಿಲ್ಲ. ಇವತ್ತ ಕೇಳಾಕ ಬರೂದಿಲ್ಲ ಅಂತ ಹಾಯಿಸೂದು ಬ್ಯಾಡ."

 ಸಾವಕಾರರು ಚಪ್ಪಲಿ ಬಿಟ್ಟು, ಧೋತರ ಎತ್ತಿ ಕಟ್ಟಿ, ಗಟಾರದೊಳಗೆ ಇಳಿದರು. ಕೆಸರು ಅವರ ಮೊಣಕಾಲಿನವರೆಗೆ ಬಂತು. ಎರಡೂ ಕೈ ಮೇಲೆತ್ತಿ ವಿಮಾನದ ಅಡಿಗೆ ತಲೆ ಮತ್ತು ಅಂಗೈ ಕೊಟ್ಟರು. "ಹಂ. ಬರ್ಲಿ" ಎಂದರು. ಮುಂದಿನ ಇಬ್ಬರು ದಾಟಿದರು, ಹಿಂದಿನ ಇಬ್ಬರು ದಾಟಿದರು. ಸರ್ ಒಂದು ಕಡೆ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾಗಿ, ಆಚೆ ಹೋದರು.

ಮೆರವಣಿಗೆ ಹೊರಟಿತು. ಸಾವಕಾರರು ಇನ್ನೂ ಗಟಾರದಲ್ಲೇ ನಿಂತಿದ್ದರು. ಹತ್ತುವುದಕ್ಕೆ ಕೈಕೊಡಲು ನಾನು ಬಗ್ಗಿದೆ. ಅವರು ಕೈ ಹಿಡಿಯಲಿಲ್ಲ. ಗಟಾರದ ಉದ್ದಕ್ಕೂ ಮೇಲ್ಗಡೆ ನೋಡುತ್ತಿದ್ದರು. ಸರ್ ಮನೆಯಿಂದ ಕಾಕಾನ ಮನೆ ದಾಟುವವರೆಗೂ ಬಿಸಿಲು ಬಿದ್ದಿತ್ತು. ಅದರಾಚೆ ಹದಿನಾಲ್ಕು ಅಡಿ ಕತ್ತಲೆ. ಅವರು ಅದನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಖಾಲಾ ತಮ್ಮ ಹೊಸ್ತಿಲಿನಿಂದ ಒಂದು ಚೊಂಬು ನೀರು ತಂದು ಅವರ ಮುಂದೆ ಇಟ್ಟರು, ಕಾಲು ತೊಳೆಯಲು. 

ಸಾವಕಾರರು ನನ್ನ ಕಡೆ ತಿರುಗಿದರು.

"ಮಾಸ್ತರ, ನನ್ನ ಹಾರಿ ಎಲ್ಲೈತ್ರಿ?"